ಅವರ ಕೂಗು, ನನ್ನ ಗಂಟಲು

ಸಾಗರದ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮೇಷ್ಟ್ರು ನನ್ನನ್ನು ಕರೆಸಿದಾಗ ಬೈಯಲು ಕರೆಸಿದ್ದಾರೆ ಎಂದೇ ತಿಳಿದಿದ್ದೆ. ಹಿಂದಿನ ವಾರ ಒಂದು ಮದುವೆ ಮನೆಯಲ್ಲಿ ನನ್ನ ಮಿಮಿಕ್ರಿ ಇತ್ತು. ಮೇಷ್ಟ್ರ ಕೆಮ್ಮು, ಅವರ ನಡಿಗೆ, 'ಎ ಎಸ್ ಡಿ ಎಫ್' ಎಂದು ಮಂತ್ರದ ಹಾಗೆ ಹೇಳಿಕೊಡುವ ಅವರ ರಾಗ, ಎಲ್ಲವನ್ನೂ ಮಾಡಿ ತೋರಿಸಿ ಪಾಯಸದ ಜೊತೆ ಚಪ್ಪಾಳೆಯನ್ನೂ ತಿಂದು ಬಂದಿದ್ದೆ. ಊರಿನಲ್ಲಿ ನನ್ನಿಂದ ಅಣಕಿಸಿಕೊಳ್ಳದೆ ಉಳಿದವರೆಂದರೆ ಇನ್ನೂ ಮಾತು ಬಾರದ ಮಕ್ಕಳು ಮಾತ್ರ. ಅವರ ಅಳುವನ್ನೂ ಆಗಲೇ ಕಲಿತಿದ್ದೆ.

"ಕೂತ್ಕ" ಎಂದರು ಮೇಷ್ಟ್ರು. "ಮದುವೆ ಮನೇಲಿ ಕೊನೆಗೊಂದು ಕೂಗು ಹಾಕಿದ್ಯಂತೆ. ಅದನ್ನ ಈಗ ಹಾಕು."

ಹಾಕಿದೆ. ಟೈಪ್ ಮಾಡುತ್ತಿದ್ದ ಇಬ್ಬರು ಹುಡುಗಿಯರು ಬೆಚ್ಚಿಬಿದ್ದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದು ಕನ್ನಡಕವನ್ನೋ ಕಣ್ಣನ್ನೋ ಎಂದು ನೋಡುವ ಧೈರ್ಯ ನನಗೆ ಬರಲಿಲ್ಲ.

ಆ ಕೂಗು ನನ್ನದಲ್ಲ, ಊರಿನ ದೊಡ್ಡ ಹುಡುಗರು ಹಾಕುತ್ತಿದ್ದುದನ್ನು ಚಿಕ್ಕಂದಿನಲ್ಲಿ ಕೇಳಿ ಕಲಿತದ್ದು. ಎಪ್ಪತ್ತರ ಆಸುಪಾಸಿನಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿಯ ಹುಡುಗರನ್ನು ಕುಣಿಸಿದ 'ಫೋರ್ತ್ ಗೇರ್' ಎಂಬ ರಾಕ್ ಬ್ಯಾಂಡಿನ ಹಾಡುಗಾರನದು. ಶಾರ್ಟ್‌ವೇವ್ ರೇಡಿಯೋದಲ್ಲಿ ಗರಗರ ಎನ್ನುತ್ತ ಬರುತ್ತಿದ್ದ ಇಂಗ್ಲಿಷ್ ಹಾಡುಗಳನ್ನು ಕೇಳಿ, ಅದೇ ಹುಚ್ಚಿನಲ್ಲಿ ಕನ್ನಡದ ಹಾಡುಗಳನ್ನು ತಾವೇ ಕಟ್ಟಿ ಹಾಡಿದವರು ಅವರು. ಹುಲಿಕಲ್ ಘಾಟಿಯಲ್ಲಿ ಬ್ರೇಕ್ ಹೋದ ಲಾರಿಯ ಹಾಡು ಅವರಿಗೆ ಹೆಸರು ತಂದ ಹಾಡು. ಲಾರಿ ತಿರುವು ದಾಟಿತೋ ಕಣಿವೆಗೆ ಬಿತ್ತೋ ಎಂಬುದನ್ನು ಹಾಡು ಹೇಳುವುದಿಲ್ಲ. ಕೊನೆಯಲ್ಲಿ ಉದ್ದನೆಯ ಒಂದು ಕೂಗು, ಅಷ್ಟೇ. ಆ ಹಾಡುಗಾರ ಒಂದು ದಿನ ಮುಂಬಯಿ ಬಸ್ಸು ಹತ್ತಿದವರು ತಿರುಗಿ ಬರಲಿಲ್ಲ. ಎಲ್ಲಿದ್ದಾರೆಂದು ಮನೆಯವರಿಗೂ ತಿಳಿಯಲಿಲ್ಲ. ಬ್ಯಾಂಡು ನಿಂತಿತು. ಗಿಟಾರ್ ನುಡಿಸುತ್ತಿದ್ದ ಮೇಷ್ಟ್ರು ಟೈಪಿಂಗ್ ಕಲಿಸಲು ಕೂತರು, ಡ್ರಮ್ ಬಾರಿಸುತ್ತಿದ್ದ ಭಟ್ಟರು ಅಡಿಕೆ ಮಂಡಿಯ ಗುಮಾಸ್ತರಾದರು.

ಹತ್ತು ಹನ್ನೆರಡು ವರ್ಷ ಕಳೆದ ಮೇಲೆ, ಈಗ ಎಂಬತ್ತರ ದಶಕದಲ್ಲಿ, ಮೇಷ್ಟ್ರಿಗೆ ಮತ್ತೆ ಹೊರಡುವ ಆಸೆ. ಭಟ್ಟರೂ ಹಳೆಯ ಬೇಸ್ ಗಿಟಾರಿನವರೂ ಒಪ್ಪಿದ್ದರು. ಅಂಚೆ ಕಚೇರಿಯ ಒಬ್ಬರು ಅಕಾರ್ಡಿಯನ್ ಜೊತೆ ಹೊಸದಾಗಿ ಸೇರಿದ್ದರು. ಕಾಲೇಜುಗಳ ವಾರ್ಷಿಕೋತ್ಸವದ ಕಾಲ. ಸಾಗರ, ಆನಂದಪುರ, ಹೊಸನಗರ, ಕೊನೆಗೆ ತೀರ್ಥಹಳ್ಳಿ ಎಂದು ಕಾರ್ಯಕ್ರಮ ಗೊತ್ತಾಗಿತ್ತು. ಗೊತ್ತಾಗದೆ ಇದ್ದದ್ದು ಹಾಡುವವರು ಯಾರು ಎಂಬುದೊಂದೇ.

"ನಂಗೆ ಹಾಡೋಕೆ ಬರಲ್ಲ ಮೇಷ್ಟ್ರೇ" ಎಂದೆ.

"ಹಾಡು ಅಂತ ಯಾರು ಹೇಳಿದ್ರು? ಅವನ ಥರ ಮಾಡು."

ಅಲ್ಲಿಗೆ ನನ್ನ ಕೆಲಸ ಏನೆಂಬುದು ನಿಕ್ಕಿಯಾಯಿತು.

ಹಾಡುಗಾರನ ದನಿ ಎಂದು ಉಳಿದದ್ದು ಒಂದೇ ಒಂದು ಸ್ಪೂಲ್ ಟೇಪಿನಲ್ಲಿ. ಹಳೆಯ ಕಾರ್ಯಕ್ರಮವೊಂದರಲ್ಲಿ ಯಾರೋ ಹಿಡಿದಿಟ್ಟದ್ದು. ಮೇಷ್ಟ್ರು ಅದನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಕರ್ಪೂರದ ಗುಳಿಗೆ ಹಾಕಿ ಇಟ್ಟಿದ್ದರು. ಮಧ್ಯಾಹ್ನ ಟೈಪಿಂಗ್ ತರಗತಿ ಇಲ್ಲದ ಹೊತ್ತಿನಲ್ಲಿ ಮೆಷಿನ್ನಿಗೆ ಹಾಕಿ ಕೇಳಿಸುತ್ತಿದ್ದರು. ನಾನು ಯಾರ ದನಿ ಕಲಿಯುವುದಾದರೂ ಮೊದಲು ದನಿಯ ಕಡೆ ಕಿವಿ ಕೊಡುವುದಿಲ್ಲ, ಆ ಮನುಷ್ಯ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ ಎಂದು ನೋಡುತ್ತೇನೆ. ಉಸಿರಿನ ಜಾಗ ಸಿಕ್ಕರೆ ದನಿ ತಾನೇ ಬಂದು ಕೂರುತ್ತದೆ. ಈ ಹಾಡುಗಾರನ ಉಸಿರಿನ ಜಾಗ ಮಾತ್ರ ನನ್ನನ್ನು ಸುಸ್ತು ಮಾಡಿತು. ಅಷ್ಟು ಚಿಕ್ಕ ಉಸಿರು, ಅಷ್ಟು ಬೇಗ ಬೇಗ. ಆ ಉಸಿರಿನ ಮೇಲೆ ಅಷ್ಟು ಎತ್ತರದ ದನಿ. ಮನುಷ್ಯನೋ ಗುಬ್ಬಿಯೋ ಎಂದು ಕೇಳಿದ್ದಕ್ಕೆ ಮೇಷ್ಟ್ರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಇನ್ನೊಂದು ತೊಡಕು ಅಕಾರ್ಡಿಯನ್‌ನವರು ಕಂಡುಹಿಡಿದದ್ದು. ಟೇಪಿನ ಶ್ರುತಿ ಅವರ ವಾದ್ಯದಲ್ಲಿ ಬೆರಳೊತ್ತುವ ಯಾವ ಮನೆಗೂ ಕೂರುತ್ತಿರಲಿಲ್ಲ. ಒಂದು ಕಪ್ಪು ಮನೆಗೂ ಅದರ ಪಕ್ಕದ ಬಿಳಿ ಮನೆಗೂ ನಡುವೆ ಎಲ್ಲೋ ತ್ರಿಶಂಕುವಿನ ಹಾಗೆ ನಿಂತಿತ್ತು.

"ಕೆಳಗಿನ ಮನೆಗೆ ಇಳಿಸೋಣ್ವಾ?" ಎಂದರು ಅವರು.

"ಅವನನ್ನ ಇಳಿಸೋದಾ?" ಎಂದರು ಮೇಷ್ಟ್ರು. "ಮೇಲಿನ ಮನೆಗೇ ಹಾಕಿ."

ಹಳೆಯ ದಿನಗಳಲ್ಲಿ ಶ್ರುತಿಗೆ ಒಂದು ಆಧಾರ ಅಂತ ಅವರ ಬಳಿ ಇರಲಿಲ್ಲ. ಹಾಡುಗಾರ ಎಲ್ಲಿ ಹಿಡಿದರೆ ಅಲ್ಲಿಗೆ ತಂತಿ ಕಟ್ಟಿಕೊಳ್ಳುತ್ತಿದ್ದರು. ಹಾಗಾಗಿ ಈಗ ಟೇಪೇ ಪ್ರಮಾಣ. ಅವರ ಹಾಡುಗಳು ಗಿಟಾರಿನಲ್ಲಿ ಬೆರಳೊತ್ತದೆ ಬಿಟ್ಟ ತಂತಿಗಳ ಮೇಲೆ ನಿಂತ ಹಾಡುಗಳು, ಬೆರಳು ಬೇರೆ ಕಡೆ ಇಟ್ಟರೆ ಆ ನಾದ ಬರುವುದಿಲ್ಲ. ಮೇಷ್ಟ್ರು ಬಿರಡೆ ತಿರುಚಿ ತಂತಿಗಳನ್ನೇ ಏರಿಸಿದರು. ಮೊದಲ ತಂತಿ ಅಭ್ಯಾಸದಲ್ಲೇ ಎರಡು ಸಲ ಕಿತ್ತು ಅವರ ಗಲ್ಲಕ್ಕೆ ಹೊಡೆಯಿತು. ನನ್ನ ಗಂಟಲಿಗೆ ಬಿರಡೆ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಸಾಗರದಲ್ಲಿ ಕಾರ್ಯಕ್ರಮ ಗೆದ್ದಿತು. ಭಟ್ಟರು ಹಿಂದಿನ ಹಾಗೆಯೇ ಡ್ರಮ್ಮಿನ ಹಿಂದಿನಿಂದ ಎದ್ದು ಬಂದು, "ಸ್ನೇಹಿತರೇ, ಗೇರು ಬಿದ್ದಾಯ್ತು, ಗಟ್ಟಿ ಹಿಡ್ಕಳಿ!" ಎಂದು ತಮ್ಮ ಹಳೆಯ ಘೋಷಣೆ ಮಾಡಿದರು. ಹಿಂದೆ ಶಿಳ್ಳೆ ಹಾಕಿದ್ದ ಹುಡುಗರು ಈಗ ಹೊಟ್ಟೆ ಬಂದ ಗಂಡಸರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದರು. ನಾನು ಕೂಗು ಹಾಕಿದಾಗ ಅವರು ಕೂಗಿದ್ದು ಹಾಡುಗಾರನ ಹೆಸರನ್ನು. ಕೈಮುಗಿದೆ. ಬೇರೆಯವರ ಹೆಸರಿಗೆ ಕೈಮುಗಿಯುವುದೇ ನನ್ನ ಕಸುಬು, ಬೇಜಾರೇನೂ ಆಗಲಿಲ್ಲ.

ಬೇಜಾರಾದದ್ದು ಮರುದಿನ ಬೆಳಿಗ್ಗೆ, ಹಾಲಿನವಳ ದನಿಯಲ್ಲಿ ಅವಳಿಗೇ ಉತ್ತರ ಕೊಡಲು ಹೋದಾಗ. ದಿನಾ ಮಾಡುವ ತಮಾಷೆ. ಆವತ್ತು ಬಾಯಿ ತೆರೆದರೆ ಬಂದದ್ದು ಬರೀ ಗಾಳಿ. ಹೆಂಗಸರ ದನಿ ನನ್ನ ಗಂಟಲಿನಲ್ಲಿ ಎಲ್ಲಕ್ಕಿಂತ ಮೇಲಿನ ಅಟ್ಟದಲ್ಲಿ ಇರುತ್ತಿತ್ತು. ಅಟ್ಟದ ಏಣಿಯನ್ನು ಯಾರೋ ತೆಗೆದಿದ್ದರು.

ಆನಂದಪುರದಲ್ಲಿ ಹೇಗೋ ದಾಟಿಸಿದೆ. ಆಮೇಲಿನ ದಿನಗಳೆಲ್ಲ ಟೆಂಪೋದಲ್ಲಿ ಸ್ಪೀಕರ್ ಪೆಟ್ಟಿಗೆಗಳ ನಡುವೆ ಮಡಚಿಕೊಂಡು ಕೂತದ್ದು, ಊರೂರಿನ ಔಷಧಿ ನುಂಗಿದ್ದು, ಇಷ್ಟೇ. ಜ್ಯೇಷ್ಠಮಧು ಅಗಿ ಎಂದರು, ಅಗಿದೆ. ಕಾಳುಮೆಣಸಿನ ಕಷಾಯ ಎಂದರು, ಕುಡಿದೆ. ಟೆಂಪೋ ಡ್ರೈವರು ಹಸಿ ಈರುಳ್ಳಿ ಅಂದರು. ಅದನ್ನು ತಿಂದ ಮೇಲೆ ಮೈಕಿನ ಹತ್ತಿರ ಬೇರೆ ಯಾರೂ ಬರಲಿಲ್ಲ. ಮೈ ಕೈ ಎಲ್ಲ ಸೋತಿತ್ತು. ಮಾತಾಡಿದರೆ ಗಂಟಲು ದಣಿಯುತ್ತದೆ ಎಂದು ಸುಮ್ಮನಿದ್ದರೆ, ಸುಮ್ಮನಿರುವುದೇ ನನಗೆ ದೊಡ್ಡ ದಣಿವು.

ಹೊಸನಗರದಲ್ಲಿ ಲಾರಿ ಕಣಿವೆಗೆ ಬಿತ್ತು. ಕೂಗು ಎತ್ತಿದೆ, ಅರ್ಧಕ್ಕೆ ದನಿ ಸೀಳಿ ಎರಡಾಯಿತು, ಆಮೇಲೆ ಎರಡೂ ಇಲ್ಲವಾದವು. ಬಾಯಿ ತೆರೆದೇ ನಿಂತಿದ್ದೆ. ಮುಂದಿನ ಸಾಲಿನಿಂದ ಒಬ್ಬ, "ಪಂಕ್ಚರ್ರಾ?" ಎಂದ. ನಾನೇ ಆಡಬೇಕಾಗಿದ್ದ ಮಾತು. ಜನ ನಕ್ಕರು. ನಾನೂ ನಗಲು ಹೋದೆ, ಅದಕ್ಕೂ ದನಿ ಬೇಕಿತ್ತು.

ಬೆಳಿಗ್ಗೆ ಭಟ್ಟರು ನನ್ನನ್ನು ಅಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಹಿಡಿಕೆಯ ಸಣ್ಣ ಕನ್ನಡಿಯನ್ನು ದೀಪಕ್ಕೆ ಬಿಸಿ ಮಾಡಿ ಗಂಟಲಿನ ಒಳಗೆ ಹಿಡಿದು ನೋಡಿದರು.

"ಏನು ಕೆಲಸ?"

"ಮಿಮಿಕ್ರಿ" ಎಂದೆ ಪಿಸುದನಿಯಲ್ಲಿ.

"ದನಿ ಹೊರಡೋ ಮಡಿಕೆ ಊದಿದೆ. ಗಂಟು ಕಟ್ಟೋಕೆ ಶುರುವಾಗಿದೆ. ಹಿಂಗೇ ಇನ್ನೊಂದೆರಡು ಸಲ ಕಿರುಚಿದ್ರೆ ಬೇರೆ ಕೆಲಸ ಹುಡುಕ್ಕೋಬೇಕಾಗ್ತದೆ. ಟೈಪಿಂಗ್ ಗೀಪಿಂಗ್ ಬರುತ್ತಾ?"

ಭಟ್ಟರು ಕೆಮ್ಮಿದಂತೆ ಮಾಡಿ ನಗು ನುಂಗಿದರು. ನಾನು ಲೆಕ್ಕ ಹಾಕಿದೆ. ಹೊಲ ಇಲ್ಲ, ತೋಟ ಇಲ್ಲ, ಡಿಗ್ರಿ ಮುಗಿದಿಲ್ಲ. ನನ್ನ ಹೊಟ್ಟೆಪಾಡು ಇದ್ದದ್ದು ಆ ಕನ್ನಡಿ ಹಿಡಿದ ಜಾಗದಲ್ಲಿ.

ನಾವು ಇಳಿದುಕೊಂಡಿದ್ದ ಛತ್ರಕ್ಕೆ ಬಂದು ಮೇಷ್ಟ್ರಿಗೆ ಹೇಳಿದೆ. ಶ್ರುತಿ ಇಳಿಸಿ, ಇಲ್ಲದಿದ್ದರೆ ನಾನು ಮನೆಗೆ ಹೋಗುತ್ತೇನೆ ಎಂದೆ.

"ಅವನು ಇಡೀ ವರ್ಷ ಹಾಡ್ತಿದ್ದ. ನಿಂಗೆ ಮೂರು ದಿನಕ್ಕೇ ಆಗಲ್ಲ ಅಂದ್ರೆ?"

"ಅವರ ಗಂಟಲು ಏನಿತ್ತೋ. ನಂದು ಚರ್ಮದ್ದು."

"ಶ್ರುತಿ ಇಳಿಸಿದ್ರೆ ಅದು ಅವನ ಹಾಡಲ್ಲ ಕಣೋ. ಬೇಕಾದ್ರೆ ಕೇಳು" ಎನ್ನುತ್ತ ಡಬ್ಬಿ ತೆರೆದು, ಜೊತೆಗೇ ತಂದಿದ್ದ ಮೆಷಿನ್ನಿಗೆ ಟೇಪು ಹಾಕಿದರು.

ಎಷ್ಟು ಸಲ ಕೇಳಿದ್ದೆನೋ ಆ ಟೇಪನ್ನು. ನಾನು ಯಾವಾಗಲೂ ಹಾಡು ಶುರುವಾಗುವುದನ್ನೇ ಕಾಯುತ್ತಿದ್ದೆ. ಆವತ್ತು ಹಾಡಿನ ಮೇಲೆ ಎಷ್ಟು ಸಿಟ್ಟಿತ್ತೆಂದರೆ, ಹಾಡನ್ನು ಬಿಟ್ಟು ಉಳಿದದ್ದನ್ನೆಲ್ಲ ಕೇಳಿದೆ. ಜನರ ಚಪ್ಪಾಳೆ ಮಳೆ ಹನಿ ತಗಡಿನ ಮೇಲೆ ಬಿದ್ದಂತೆ ಪಟಪಟ ಎನ್ನುತ್ತಿತ್ತು. ಅಷ್ಟು ಬೇಗ ಚಪ್ಪಾಳೆ ತಟ್ಟುವ ಜನ ನಮ್ಮ ಸೀಮೆಯಲ್ಲಿ ಇಲ್ಲ, ನಮ್ಮವರು ಕೈ ಎತ್ತುವುದಕ್ಕೇ ಯೋಚನೆ ಮಾಡುತ್ತಾರೆ. ಆಮೇಲೆ ಭಟ್ಟರ ಘೋಷಣೆ ಬಂತು. "ಸ್ನೇಹಿತರೇ, ಗೇರು ಬಿದ್ದಾಯ್ತು, ಗಟ್ಟಿ ಹಿಡ್ಕಳಿ!" ತೆಳ್ಳಗೆ, ಚುರುಕಾಗಿ, ಹೈಸ್ಕೂಲು ಹುಡುಗನ ಹಾಗೆ.

"ಭಟ್ರೇ, ಆವಾಗ ನಿಮ್ಮ ಗಂಟಲು ಒಡೆದಿರಲಿಲ್ವಾ?"

"ಎಂತ ಹೇಳ್ತೆ ಮಾಣಿ! ಆವಾಗ ನಂಗೆ ಮದುವೆ ಆಗಿತ್ತು. ಈ ದನಿ ಹದಿನಾರರಿಂದ ಹಿಂಗೇ ಇದ್ದು."

"ಹಂಗಾದ್ರೆ ಅದನ್ನ ಈಗ ಹೇಳಿ. ಇಲ್ಲೇ, ನನ್ನ ಪಕ್ಕ."

ಭಟ್ಟರು ಹೇಳಿದರು. ಮತ್ತೆ ಹೇಳಿಸಿದೆ. ಟೇಪನ್ನು ಹಿಂದಕ್ಕೆ ಸುತ್ತಿ, ಹಾಕಿ, ತಿರುಗುವ ಚಕ್ರದ ಅಂಚಿಗೆ ಹೆಬ್ಬೆರಳು ಒತ್ತಿದೆ. ದನಿ ಎಳೆದಂತಾಗಿ ಇಳಿಯಿತು. ಜಾಸ್ತಿ ಒತ್ತಿದರೆ ಕೋಣದ ದನಿ, ಸಡಿಲ ಬಿಟ್ಟರೆ ಹೈಸ್ಕೂಲು ಹುಡುಗ. ಒತ್ತುತ್ತ, ಬಿಡುತ್ತ, ಭಟ್ಟರಿಂದ ಹೇಳಿಸುತ್ತ ಹೋದೆ. ಒಂದು ಹದದಲ್ಲಿ ಟೇಪಿನ ಭಟ್ಟರೂ ಪಕ್ಕದ ಭಟ್ಟರೂ ಒಬ್ಬರೇ ಆದರು. ಬೆರಳನ್ನು ಅದೇ ಹದದಲ್ಲಿ ಹಿಡಿದೆ. ಹಾಡು ಶುರುವಾಯಿತು.

ಯಾರೋ ಒಬ್ಬ ಮನುಷ್ಯ ಹಾಡುತ್ತಿದ್ದ. ದಪ್ಪ ದನಿ, ನಿಧಾನದ ಉಸಿರು. ಅಕಾರ್ಡಿಯನ್‌ನವರು ಮೆಲ್ಲಗೆ ಒಂದು ಮನೆ ಒತ್ತಿ ನೋಡಿದರು. ಹಾಡು ಅದರ ಮೇಲೆ ಬಂದು ಕೂತಿತು. ನಾವು ಹಾಡುತ್ತಿದ್ದದ್ದಕ್ಕಿಂತ ಎರಡು ಮನೆ ಕೆಳಗೆ.

ಭಟ್ಟರು ಹಣೆ ಚಚ್ಚಿಕೊಂಡರು. "ಅಯ್ಯೋ, ಸೆಲ್ಲು! ಆವತ್ತು ಟೇಪ್ ರೆಕಾರ್ಡರಿಗೆ ಹೊಸ ಸೆಲ್ಲು ಸಿಕ್ಕಿದ್ದಿಲ್ಲೆ. ಹಳೇದನ್ನೇ ಬಚ್ಚಲ ಒಲೆ ಕಟ್ಟೆ ಮೇಲೆ ಇಟ್ಟು ಬಿಸಿ ಮಾಡಿ ಹಾಕಿದ್ದು. ನಾನೇ ಹಾಕಿದ್ದು!"

ಸೆಲ್ಲು ಸತ್ತರೆ ಬಿಸಿಲಿಗೋ ಒಲೆಯ ಕಟ್ಟೆಗೋ ಇಟ್ಟು ಜೀವ ತರಿಸುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇತ್ತು. ಅಂಥ ಜೀವ ಅರ್ಧ ಜೀವ. ಹಿಡಿಯುವಾಗ ಟೇಪು ನಿಧಾನವಾಗಿ ಓಡಿದೆ. ಕೇಳುವಾಗ ಕರೆಂಟಿನಲ್ಲಿ ನೆಟ್ಟಗೆ ಓಡಿ ಎಲ್ಲರ ದನಿಯನ್ನೂ ಏರಿಸಿದೆ. ಅದರ ಮೇಲೆ ನಾವು ಬೇರೆ ಮೇಲಿನ ಮನೆ ಹಿಡಿದೆವು. ಯಾವ ಮನುಷ್ಯನೂ ಹಾಡದೇ ಇದ್ದ ದನಿಯನ್ನು ಅಣಕಿಸಲು ಹೋಗಿ ನಾನು ಗಂಟಲು ಸೀಳಿಕೊಂಡಿದ್ದೆ. ಎಷ್ಟೋ ಜನರನ್ನು ಅಣಕಿಸಿದ್ದೇನೆ. ಸೆಲ್ಲನ್ನು ಅಣಕಿಸಿದ್ದು ಅದೇ ಮೊದಲು.

ನಾನು ನಗಬೇಕೆಂದಿದ್ದೆ. ಮೇಷ್ಟ್ರ ಮುಖ ನೋಡಿ ಆಗಲಿಲ್ಲ. ಅವರು ಕುರ್ಚಿಯ ಬೆನ್ನಿಗೆ ಒರಗಿ ಕೂತಿದ್ದರು.

"ಇಷ್ಟು ವರ್ಷ ಇದನ್ನೇ ಕೇಳಿದೀನಿ" ಎಂದರು. "ನಂಗೆ ಅವನ ದನಿ ನೆನಪಿದೆ ಅಂತ್ಲೇ ಅಂದ್ಕಂಡಿದ್ದೆ."

ಆಮೇಲೆ ಅವರು ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬಿರಡೆ ಸಡಿಲಿಸಿದರು.

ಇಲ್ಲಿಗೆ ಎಲ್ಲವೂ ಸರಿಹೋಯಿತು ಎಂದು ಬರೆಯುವಂತಿದ್ದರೆ ಚೆನ್ನಾಗಿತ್ತು. ಶ್ರುತಿ ಇಳಿದರೂ ನನ್ನ ಗಂಟಲಿನ ಊತ ಇಳಿದಿರಲಿಲ್ಲ. ತೀರ್ಥಹಳ್ಳಿಗೆ ಹೋಗುವ ದಾರಿಯುದ್ದಕ್ಕೂ ಟೆಂಪೋದಲ್ಲಿ ಕೂತು ಹಾಡುಗಾರನ ನಿಜವಾದ ದನಿಯನ್ನು ಪಿಸುದನಿಯಲ್ಲಿ ಹುಡುಕಿದೆ. ಉಸಿರಿನ ಜಾಗ ಈಗ ಸುಲಭವಾಗಿ ಸಿಕ್ಕಿತು. ಆದರೆ ಅಣಕಿಸುವುದೆಂದರೆ ಗಂಟಲನ್ನು ಇನ್ನೊಬ್ಬರ ಆಕಾರಕ್ಕೆ ಹಿಂಡುವುದು. ಹಿಂಡಿದ ಕೂಡಲೇ ನೋವು. ಹಿಂಡದೆ ಬಿಟ್ಟರೆ ಕರಕರ ಎನ್ನುವ ಒಂದು ದನಿ ಬರುತ್ತಿತ್ತು. ಅದು ಯಾರದೆಂದು ಮೊದಲು ಗುರುತೇ ಸಿಗಲಿಲ್ಲ. ಆಮೇಲೆ ನೋಡಿದರೆ ನನ್ನದೇ.

ತೀರ್ಥಹಳ್ಳಿ ಹಾಡುಗಾರನ ಸ್ವಂತ ಊರು. ಕಾಲೇಜಿನ ಕಾರ್ಯಕ್ರಮ ಮಧ್ಯಾಹ್ನ ಮೂರಕ್ಕೆ. ತರಗತಿಯೊಂದರಲ್ಲಿ ನಮಗೆ ಜಾಗ ಕೊಟ್ಟಿದ್ದರು. ಬೆಂಚಿನ ಮೇಲೆ ಗಿಟಾರ್ ಒರೆಸುತ್ತಿದ್ದ ಮೇಷ್ಟ್ರ ಮುಂದೆ ನಿಂತು ಹೇಳಿದೆ.

"ಮೇಷ್ಟ್ರೇ, ಇವತ್ತು ಅವರ ಥರ ಮಾಡಲ್ಲ. ಸುಮ್ನೆ ಹಾಡ್ತೀನಿ. ಕೂಗು ಹಾಕಲ್ಲ."

"ಇದು ಅವನ ಊರು. ಕೂಗು ಇಲ್ದೆ ಇದ್ರೆ ಕಲ್ಲು ಬೀಳ್ತವೆ."

"ಬೀಳ್ಲಿ. ಕಲ್ಲು ಬಿದ್ದದ್ದು ವಾಸಿ ಆಗ್ತದೆ. ಗಂಟಲಿನ ಗಂಟು ಆಗಲ್ವಂತೆ."

"ಕೂಗಿನ ಜಾಗದಲ್ಲಿ ಏನು ಮಾಡ್ತೀಯ?"

"ಬಾಯಿ ಮುಚ್ಕಂಡು ನಿಂತಿರ್ತೀನಿ."

"ನಿಂಗೆ ಅದು ಬರ್ತದಾ ಮಾಣಿ?" ಎಂದರು ಭಟ್ಟರು.

ಮೇಷ್ಟ್ರು ಗಿಟಾರ್ ಒರೆಸಿದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು.

ಮೊದಲ ಹಾಡಿಗೇ ಹಿಂದಿನಿಂದ ಗಲಾಟೆ ಎದ್ದಿತು. ಹಾಡುಗಾರನ ಹೆಸರು ಹಿಡಿದು, "ಅವರನ್ನ ಕರೀರೋ!" ಎಂದು ಯಾರೋ ಕೂಗಿದರು. ಬೇರೆ ದಿನವಾಗಿದ್ದರೆ ಆ ಕೂಗಿದವನ ದನಿಯಲ್ಲೇ ತಿರುಗಿ ಕೂಗಿ ಸಭೆಯನ್ನು ನಗಿಸುತ್ತಿದ್ದೆ. ಆವತ್ತು ಮುಂದಿನ ಸಾಲು ಹಾಡಿದೆ. ಎರಡನೆಯದು, ಮೂರನೆಯದು. ಕೆಲವರು ಎದ್ದು ಹೋದರು. ಉಳಿದವರು ಉಳಿದರು. ಅಷ್ಟರ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಕರಕರ ದನಿಯೊಂದು ಶ್ರುತಿ ಬಿಡದೆ ಮೂರು ಹಾಡು ಹಾಡಿತು. ನನಗೆ ಅದೇ ದೊಡ್ಡದಾಗಿ ಕಂಡಿತು.

ಲಾರಿಯ ಹಾಡು ಕೊನೆಗೆ. ಘಾಟಿಯ ತಿರುವು ಬಂತು, ಬ್ರೇಕು ಹೋಯಿತು, ಭಟ್ಟರ ಡ್ರಮ್ಮು ಇಳಿಜಾರಿನಲ್ಲಿ ಉರುಳಿತು. ಕೂಗಿನ ಜಾಗ. ನಾನು ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದು ಬಾಯಿ ಮುಚ್ಚಿಕೊಂಡೆ. ಅಂಗಳವೆಲ್ಲ ನನ್ನ ಬಾಯಿ ನೋಡುತ್ತಿತ್ತು. ಒಂದು ಗಳಿಗೆ ಏನೂ ಇಲ್ಲ.

ಆಗ ಬಲಗಡೆಯಿಂದ ಅದು ಎದ್ದಿತು. ಮೇಷ್ಟ್ರು ಮೊದಲ ತಂತಿಯನ್ನು ಬೆರಳಿನಿಂದ ಮೇಲಕ್ಕೆ ದೂಡುತ್ತಿದ್ದರು. ಹಿಂದಿನ ಬಿಗಿಯಲ್ಲಿ ಹಾಗೆ ದೂಡಿದ್ದರೆ ತಂತಿ ಕಿತ್ತೇ ಹೋಗುತ್ತಿತ್ತು. ಈಗ ಸಡಿಲವಿತ್ತು, ಬಗ್ಗಿತು, ಬಗ್ಗಿದಷ್ಟೂ ನಾದ ಏರಿತು. ಏರಿ, ನಡುಗಿ, ಟೇಪಿನಲ್ಲಿದ್ದ ಎತ್ತರವನ್ನು ಮುಟ್ಟಿ, ಅದನ್ನೂ ದಾಟಿತು. ಅವರ ಮುಖ ಹಲ್ಲುನೋವಿನವರ ಮುಖದಂತೆ ಕಿವುಚಿಕೊಂಡಿತ್ತು. ಇಷ್ಟು ವರ್ಷ ಈ ಜಾಗದಲ್ಲಿ ಅವರು ಒಂದೇ ತಂತಿ ಮೀಟುತ್ತ, ಇನ್ನೊಬ್ಬರು ಕೂಗಿ ಮುಗಿಸಲಿ ಎಂದು ತಲೆ ತಗ್ಗಿಸಿ ಕಾದವರು. ಅಭ್ಯಾಸದಲ್ಲಿ ಇದನ್ನು ಒಮ್ಮೆಯೂ ನುಡಿಸಿರಲಿಲ್ಲ. ಎಲ್ಲಿ ನಿಲ್ಲಿಸಬೇಕೆಂದು ಅವರಿಗೆ ಗೊತ್ತಿರಲಿಲ್ಲವೋ ಏನೋ, ಭಟ್ಟರು ಎರಡು ಸಲ ಕಣ್ಸನ್ನೆ ಮಾಡಿದ ಮೇಲೆ ನಿಲ್ಲಿಸಿದರು.

ಜನ ಯಾರ ಹೆಸರನ್ನೂ ಕೂಗಲಿಲ್ಲ. ಬರೀ ಚಪ್ಪಾಳೆ ತಟ್ಟಿದರು, ನಮ್ಮ ಸೀಮೆಯವರು ತಟ್ಟುವ ವೇಗದಲ್ಲಿ.

ಟೆಂಪೋ ಹತ್ತುವಾಗ ಮೇಷ್ಟ್ರ ಬೆರಳ ತುದಿ ಕುಯ್ದು ರಕ್ತ ಬಂದದ್ದು ಕಂಡಿತು. ಗಿಟಾರ್ ಒರೆಸಿದ ಬಟ್ಟೆಯನ್ನೇ ಸುತ್ತಿಕೊಂಡಿದ್ದರು.

"ನಾಳೆ ಟೈಪಿಂಗ್ ಕ್ಲಾಸು ಹೆಂಗೆ ಮೇಷ್ಟ್ರೇ?" ಎಂದು ಪಿಸುಗುಟ್ಟಿದೆ.

"ಒಂಬತ್ತು ಬೆರಳಲ್ಲಿ" ಎಂದರು. "ನೀನು ಮಾತಾಡಬೇಡ. ಡಾಕ್ಟರು ಹೇಳಿದಾರೆ."

ಹೊಸನಗರ ದಾಟುವವರೆಗೆ ಮಾತಾಡಲಿಲ್ಲ. ಭಟ್ಟರು ಸ್ಪೀಕರ್ ಪೆಟ್ಟಿಗೆಗೆ ಒರಗಿ ಗೊರಕೆ ಹೊಡೆಯುತ್ತಿದ್ದರು, ಅಣಕಿಸಲು ಹೇಳಿ ಮಾಡಿಸಿದಂಥ ಗೊರಕೆ. ಸುಮ್ಮನೆ ಕೇಳಿಸಿಕೊಂಡೆ.